ಮನೆಯ ಧ್ವನಿ ಮನೆಯಲ್ಲೇ ಹರಿಯಲಿ

ಮಲೆನಾಡಿನ ಹಳೆಯ ಮನೆಗಳಲ್ಲಿ ಗುಡ್ಡದ ಅಬ್ಬಿಯ ನೀರನ್ನು ಅಡಿಕೆ ದಂಬೆಗಳ ಮೂಲಕ ಬಚ್ಚಲಿಗೆ ಹಾಯಿಸಿಕೊಳ್ಳುತ್ತಿದ್ದರು. ಅದಕ್ಕೆ ಪಂಪು ಬೇಕಿರಲಿಲ್ಲ, ಯಾರ ಅಪ್ಪಣೆಯೂ ಬೇಕಿರಲಿಲ್ಲ. ದಂಬೆ ಕೊಳೆತರೆ ಇನ್ನೊಂದು ಮರವನ್ನು ಸೀಳಿ ಹಾಕಿದರಾಯಿತು. 'ಈ ನೀರನ್ನು ಮೊದಲು ಪಕ್ಕದ ಜಿಲ್ಲೆಯ ತೊಟ್ಟಿಗೆ ಕಳಿಸಿ, ಅಲ್ಲಿಂದ ನಲ್ಲಿಯಲ್ಲಿ ತಿರುಗಿ ತರಿಸಿಕೊಳ್ಳಿ' ಎಂದು ಯಾರಾದರೂ ಉಪದೇಶಿಸಿದ್ದರೆ ನಮ್ಮ ಹಿರಿಯರು ನಕ್ಕು ಸುಮ್ಮನಾಗುತ್ತಿದ್ದರು. ಆದರೆ ಧ್ವನಿಯ ವಿಷಯದಲ್ಲಿ ನಾವು ಈಗ ಇಂಥದೇ ಉಪದೇಶವನ್ನು ನಗದೆ ಒಪ್ಪಿಕೊಂಡಿದ್ದೇವೆ. ಮಹಡಿಯ ಕಂಪ್ಯೂಟರಿನಲ್ಲಿರುವ ಹಾಡು ಕೆಳಗಿನ ಅಡಿಗೆಮನೆಯಲ್ಲಿ ಕೇಳಿಸಬೇಕಾದರೆ ಅದು ಸಮುದ್ರದಾಚೆಯ ಯಾವುದೋ ಕಂಪನಿಯ ಕಟ್ಟಡಕ್ಕೆ ಹೋಗಿ ಬರಬೇಕು, ನಡುವೆ ನಾವು ಖಾತೆ ತೆರೆಯಬೇಕು, ಷರತ್ತುಗಳಿಗೆ ಒಪ್ಪಿಗೆ ಕೊಡಬೇಕು. ಇದು ಅನಾವಶ್ಯಕ ಮಾತ್ರವಲ್ಲ, ಒಳ್ಳೆಯದೂ ಅಲ್ಲ ಎಂಬುದು ನನ್ನ ಅಭಿಪ್ರಾಯ. ಮನೆಯೊಳಗಿನ ಜಾಲದಲ್ಲಿಯೇ ಒಂದು ಲಿನಕ್ಸ್ ಕಂಪ್ಯೂಟರಿನಿಂದ ಇನ್ನೊಂದಕ್ಕೆ ಧ್ವನಿಯನ್ನು ಕಳಿಸುವ ವಿದ್ಯೆ ಬಹುಕಾಲದಿಂದ ನಮ್ಮ ಕೈಯಳತೆಯಲ್ಲಿದೆ. ಅದರ ಪರವಾಗಿ ನಾಲ್ಕು ಮಾತು ಬರೆಯಬೇಕೆನಿಸಿತು.

ನನಗೆ ಈ ವಿಷಯದಲ್ಲಿ ಆಸಕ್ತಿ ಹುಟ್ಟಿದ್ದು ಮನೆಯ ಒಂದು ಅಗತ್ಯದಿಂದ. ನಮ್ಮ ತಾಯಿಯವರು ಹಾಡುತ್ತಿದ್ದ ಹಸೆ ಹಾಡು, ಆರತಿ ಹಾಡು, ಬೀಸುವಾಗಿನ ಪದಗಳನ್ನು 1987ರ ಸುಮಾರಿನಲ್ಲಿ ಟೇಪ್ ರೆಕಾರ್ಡರಿನಲ್ಲಿ ಹಿಡಿದಿಟ್ಟಿದ್ದೆ. ಅರುವತ್ತು ನಿಮಿಷದ ಹನ್ನೊಂದು ಕ್ಯಾಸೆಟ್ಟುಗಳು. ಮಲೆನಾಡಿನ ಮಳೆಗಾಲ ಕ್ಯಾಸೆಟ್ಟಿನ ರಿಬ್ಬನ್ನಿಗೆ ಒಳ್ಳೆಯದಲ್ಲ, ಬೂಷ್ಟು ಹಿಡಿಯುತ್ತದೆ. ಆದ್ದರಿಂದ ನಿವೃತ್ತನಾದೊಡನೆ ಮಾಡಿದ ಮೊದಲ ಕೆಲಸವೆಂದರೆ ಅವನ್ನೆಲ್ಲ ಅಡಾಸಿಟಿ ಎಂಬ ಮುಕ್ತ ತಂತ್ರಾಂಶದ ನೆರವಿನಿಂದ ಕಂಪ್ಯೂಟರಿಗೆ ಇಳಿಸಿದ್ದು. ತಾಯಿಯವರು ಈಗಿಲ್ಲ. ಅವರ ಧ್ವನಿ ಮಹಡಿಯ ಕೋಣೆಯ ಕಂಪ್ಯೂಟರಿನಲ್ಲಿದೆ.

ನನ್ನ ಶ್ರೀಮತಿಗೆ ಮೊಣಕಾಲು ನೋವು, ಮಹಡಿ ಹತ್ತಲಾರಳು. ಆದರೆ ಆ ಹಾಡುಗಳನ್ನು ಕಲಿತು ಮೊಮ್ಮಗಳಿಗೆ ದಾಟಿಸಬೇಕೆಂಬ ಹಂಬಲ ಅವಳದು. "ಸಾಹಿತ್ಯವನ್ನು ಪುಸ್ತಕದಲ್ಲಿ ಬರೆದುಕೊಳ್ಳಬಹುದು ಕಣ್ರೀ, ಧಾಟಿ ಮಾತ್ರ ಅತ್ತೆಯ ಧ್ವನಿಯಲ್ಲೇ ಕೇಳಬೇಕು" ಎನ್ನುತ್ತಾಳೆ. ನಾನು ಮೇಲೆ ಕುಳಿತು ರಿಬ್ಬನ್ನಿನ ಸದ್ದನ್ನು ತೆಗೆಯುತ್ತ, ಒಂದೊಂದು ಹಾಡನ್ನು ಬೇರ್ಪಡಿಸುತ್ತ ಇರುವಾಗ ಅವಳು ಕೆಳಗೆ ಅದನ್ನು ಕೇಳಿ, "ಆ ಎರಡನೆಯ ಸಾಲು ಇನ್ನೊಮ್ಮೆ ಹಾಕಿ" ಎಂದು ಹೇಳುವಂತಿರಬೇಕು. ಬರಿಯ ಕಡತವನ್ನು ಪೆನ್‌ಡ್ರೈವಿಗೆ ಹಾಕಿ ಕೊಟ್ಟರೆ ಸಾಲದೇ ಎಂದು ಕೇಳುವವರಿಗೆ ನನ್ನ ಉತ್ತರ ಇದು: ಸಿದ್ಧವಾದ ಹಾಡಿಗೆ ಸಾಕು, ಸಿದ್ಧವಾಗುತ್ತಿರುವ ಹಾಡಿಗೆ ಸಾಲದು. ಮೇಲಿನ ಕಂಪ್ಯೂಟರಿನಲ್ಲಿ ಆ ಕ್ಷಣ ಏನು ಕೇಳಿಸುತ್ತದೆಯೋ ಅದೇ ಕೆಳಗೂ ಕೇಳಿಸಬೇಕು.

ದಾರಿಗಳು ಹಲವಿದ್ದವು. ಸ್ಪೀಕರಿನ ತಂತಿಯನ್ನೇ ಉದ್ದಮಾಡಿ ಕೆಳಗಿಳಿಸಬಹುದು, ಆದರೆ ಇಪ್ಪತ್ತು ಮೀಟರ್ ಉದ್ದದ ಸಪೂರ ತಂತಿ ಮನೆಯ ವಿದ್ಯುತ್ತಿನ ಗುಂಯ್‌ಗುಡುವಿಕೆಯನ್ನೂ ಹೊತ್ತು ತರುತ್ತದೆ. ಬ್ಲೂಟೂತ್ ಸ್ಪೀಕರ್ ಒಂದೇ ಕೋಣೆಗೆ ಸೊಗಸು. ನಮ್ಮ ಹಳೆಯ ಮನೆಯ ಜಂಬಿಟ್ಟಿಗೆ ಗೋಡೆಗಳೆರಡನ್ನು ದಾಟುವಷ್ಟರಲ್ಲಿ ಅದರ ಉಸಿರು ಕಟ್ಟುತ್ತದೆ. ಮಗ ತಂದುಕೊಟ್ಟ ಒಂದು 'ಬುದ್ಧಿವಂತ' ಸ್ಪೀಕರ್ ಇತ್ತು. ಅದು ಅಂತರ್ಜಾಲವಿಲ್ಲದೆ ಬಾಯಿ ಬಿಡುತ್ತಿರಲಿಲ್ಲ. ನಮ್ಮದೇ ಹಾಡುಗಳನ್ನು ನುಡಿಸಬೇಕಾದರೆ ಅವನ್ನು ಕಂಪನಿಯ ಸಂಗ್ರಹಕ್ಕೆ ಏರಿಸಿ ಎಂದಿತು. ತಾಯಿಯ ಧ್ವನಿಯನ್ನು ಕೆಳಗಿನ ಕೋಣೆಗೆ ಕೇಳಿಸಲು ಅಪರಿಚಿತರಿಗೆ ಒಪ್ಪಿಸಬೇಕೆ? ನನಗೆ ಮನಸ್ಸು ಬರಲಿಲ್ಲ.

ಆ ದಿನಗಳಲ್ಲಿಯೇ ಬೆಂಗಳೂರಿನಲ್ಲಿ ಕೆಲಸದಲ್ಲಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಊರಿಗೆ ಬಂದವನು ನಮ್ಮ ಮನೆಗೂ ಬಂದ. ಮೂಲೆಯಲ್ಲಿ ಧೂಳು ಹಿಡಿದಿದ್ದ ಹಳೆಯ ಸಿಪಿಯು ಅವನ ಕಣ್ಣಿಗೆ ಬಿತ್ತು.

"ಸರ್, ಇದನ್ನು ಗುಜರಿಗೆ ಹಾಕಬೇಡಿ. ಇದಕ್ಕೆ ಬಾಯಿ ಬರುವ ಹಾಗೆ ಮಾಡೋಣ" ಎಂದ.

"ಆಗಲಿ ಮಾರಾಯ. ಆದರೆ ನೀನು ಮಾಡಿಟ್ಟು ಹೋಗಬೇಡ, ನನಗೆ ಕಲಿಸಿ ಹೋಗು" ಎಂದೆ.

ಮೂವತ್ತೈದು ವರ್ಷ ವಿಜ್ಞಾನ ಕಲಿಸಿದವನಿಗೆ ಕಲಿಯುವ ಸರದಿ ಬಂದದ್ದು ಹೀಗೆ. ಆ ಎರಡು ದಿನಗಳಲ್ಲಿ ಅವನಿಂದ ತಿಳಿದದ್ದನ್ನೂ ಆಮೇಲೆ ನಾನೇ ಓದಿ, ಮಾಡಿ ಕಂಡದ್ದನ್ನೂ ನನ್ನ ಮಾತಿನಲ್ಲಿ ಹೇಳುತ್ತೇನೆ.

ಮೊದಲಿಗೆ, ಕಂಪ್ಯೂಟರಿನ ಪಾಲಿಗೆ ಧ್ವನಿಯೆಂದರೆ ಸಂಖ್ಯೆಗಳ ಸಾಲು. ಸಿ.ಡಿ.ಯ ಗುಣಮಟ್ಟದಲ್ಲಿ ಒಂದು ಸೆಕೆಂಡಿಗೆ 44,100 ಸಲ ಧ್ವನಿತರಂಗದ ಎತ್ತರವನ್ನು ಅಳೆಯುತ್ತಾರೆ. ಪ್ರತಿ ಅಳತೆಯನ್ನೂ 16 ಬಿಟ್ಟುಗಳಲ್ಲಿ ಬರೆಯುತ್ತಾರೆ, ಅಂದರೆ 65,536 ಮೆಟ್ಟಿಲುಗಳಲ್ಲಿ ಒಂದು. ಎಡಕ್ಕೊಂದು, ಬಲಕ್ಕೊಂದು. ಗುಣಿಸಿ ನೋಡಿ: ಸೆಕೆಂಡಿಗೆ 14,11,200 ಬಿಟ್ಟುಗಳು, ಸುಮಾರು 1.4 ಮೆಗಾಬಿಟ್. ಮನೆಯ ಸಾಮಾನ್ಯ ರೌಟರಿನ ಲ್ಯಾನ್ ಕೇಬಲ್ ಸೆಕೆಂಡಿಗೆ 100 ಮೆಗಾಬಿಟ್ ಸಾಗಿಸಬಲ್ಲದು. ಹಾಗಾದರೆ ಯಾವ ಸಂಕೋಚನವನ್ನೂ ಮಾಡದ, ಒಂದು ಬಿಟ್ಟೂ ಕಳೆಯದ ಧ್ವನಿಗೆ ಆ ದಾರಿಯ ನೂರರಲ್ಲಿ ಒಂದೂವರೆ ಪಾಲು ಕೂಡ ಬೇಡ. ಎತ್ತಿನಗಾಡಿ ಹೋಗುವ ದಾರಿಯಲ್ಲಿ ಇರುವೆ ಹೋದಂತೆ. ಇಷ್ಟು ಅಗಲದ ದಾರಿ ಮನೆಯೊಳಗೇ ಇರುವಾಗ ಊರು ಸುತ್ತುವ ಪ್ರಮೇಯವೇ ಇಲ್ಲ.

ಇನ್ನು ಲಿನಕ್ಸಿನಲ್ಲಿ ಧ್ವನಿಯ ವ್ಯವಸ್ಥೆ. ಹಾಡು ನುಡಿಸುವ ತಂತ್ರಾಂಶಕ್ಕೂ ಸ್ಪೀಕರಿಗೆ ಸಂಪರ್ಕ ಕೊಡುವ ಯಂತ್ರಾಂಶಕ್ಕೂ ನಡುವೆ ಒಬ್ಬ ಮಧ್ಯಸ್ಥನಿರುತ್ತಾನೆ. ಅದಕ್ಕೆ ಧ್ವನಿ ಸರ್ವರ್ ಎನ್ನುತ್ತಾರೆ. ಇದು ನಮ್ಮ ಊರಿನ ಅಂಚೆ ಕಚೇರಿಯ ಹಾಗೆ. ಪತ್ರ ಬರೆದವನು ಡಬ್ಬಿಗೆ ಹಾಕಿ ಬರುತ್ತಾನೆ. ಅದನ್ನು ಪಕ್ಕದ ಬೀದಿಗೆ ಕೊಡಬೇಕೋ ದೂರದ ಊರಿಗೆ ರವಾನಿಸಬೇಕೋ ಎಂಬುದು ಅಂಚೆಯವರ ಹೊಣೆ. ಹಾಗೆಯೇ ಹಾಡು ನುಡಿಸುವ ತಂತ್ರಾಂಶ ತನ್ನ ಸಂಖ್ಯೆಗಳನ್ನು ಧ್ವನಿ ಸರ್ವರಿನ ಕೈಗೆ ಕೊಡುತ್ತದೆ. ಸ್ಪೀಕರ್ ಅದೇ ಕಂಪ್ಯೂಟರಿಗೆ ಚುಚ್ಚಿದ್ದೋ ಇನ್ನೊಂದು ಕೋಣೆಯ ಕಂಪ್ಯೂಟರಿಗೆ ಚುಚ್ಚಿದ್ದೋ ಎಂಬುದು ಆ ತಂತ್ರಾಂಶಕ್ಕೆ ಗೊತ್ತೇ ಆಗುವುದಿಲ್ಲ. ಗೊತ್ತಾಗುವ ಅಗತ್ಯವೂ ಇಲ್ಲ.

ಇದು ಇಂದು ನಿನ್ನೆಯ ಕಲ್ಪನೆಯಲ್ಲ. 1990ರ ದಶಕದಲ್ಲಿಯೇ ಯುನಿಕ್ಸ್ ಲೋಕದಲ್ಲಿ ನೆಟ್‌ವರ್ಕ್ ಆಡಿಯೋ ಸಿಸ್ಟಮ್ ಎಂಬುದಿತ್ತು. ಗ್ನೋಮ್ ಮೇಜುಪರದೆಯ ಆರಂಭದ ದಿನಗಳಲ್ಲಿ ಇ-ಸೌಂಡ್ ಎಂಬ ಸರ್ವರ್ ಜಾಲದ ಮೂಲಕ ಧ್ವನಿ ಕಳಿಸುತ್ತಿತ್ತು. 2004ರಲ್ಲಿ ಲೆನ್ನಾರ್ಟ್ ಪೋಟರಿಂಗ್ ಅವರು ಪೋಲಿಪ್‌ಆಡಿಯೋ ಎಂಬ ಹೆಸರಿನಲ್ಲಿ ಆರಂಭಿಸಿದ ಸರ್ವರ್ 2006ರಲ್ಲಿ ಪಲ್ಸ್ಆಡಿಯೋ ಎಂದು ಹೆಸರು ಬದಲಿಸಿಕೊಂಡಿತು. 2007ರ ನವೆಂಬರಿನಲ್ಲಿ ಬಂದ ಫೆಡೋರಾ 8 ಅದನ್ನು ಎಲ್ಲರಿಗೂ ಹಂಚಿತು. ಆಗ ಅದರ ಮೇಲೆ ಬಂದ ದೂರುಗಳಿಗೆ ಲೆಕ್ಕವಿಲ್ಲ, ಕ್ರಮೇಣ ಸುಧಾರಿಸಿತು. ನಂತರ ವಿಮ್ ಟೇಮನ್ಸ್ ಅವರ ಪೈಪ್‌ವೈರ್ ಬಂದು, 2021ರ ಫೆಡೋರಾ 34ರಲ್ಲಿಯೂ 2022ರ ಉಬುಂಟು 22.10ರಲ್ಲಿಯೂ ಪಲ್ಸ್ಆಡಿಯೋದ ಸ್ಥಾನವನ್ನು ಪಡೆಯಿತು. ಇಲ್ಲಿ ಮೆಚ್ಚಬೇಕಾದ ಸಂಗತಿಯೊಂದಿದೆ. ಹೊಸದು ಬಂದಾಗ ಹಳೆಯದರ ಭಾಷೆಯನ್ನು ಕೈಬಿಡಲಿಲ್ಲ. ಪಲ್ಸ್ಆಡಿಯೋ ಇರುವ ಹಳೆಯ ಕಂಪ್ಯೂಟರ್ ಪೈಪ್‌ವೈರ್ ಇರುವ ಹೊಸ ಕಂಪ್ಯೂಟರಿನೊಡನೆ ಇಂದಿಗೂ ಮಾತನಾಡಬಲ್ಲದು. ಸೊಸೆ ಬಂದ ಮೇಲೂ ಅತ್ತೆಯ ಕಾಲದ ಪಾತ್ರೆಗಳು ಬಳಕೆಯಲ್ಲಿದ್ದ ಹಾಗೆ.

ಮಾಡಬೇಕಾದ ಕೆಲಸ ಹೇಳುವಷ್ಟು ಕಷ್ಟವಿಲ್ಲ. ಧ್ವನಿಯನ್ನು ಪಡೆಯುವ ಕೆಳಗಿನ ಕಂಪ್ಯೂಟರಿಗೆ, 'ಜಾಲದಿಂದ ಬರುವ ಧ್ವನಿಯನ್ನು ಸ್ವೀಕರಿಸು' ಎಂದು ಅಪ್ಪಣೆ ಕೊಡಬೇಕು. ಅದಕ್ಕೆಂದೇ ಒಂದು ಘಟಕ ಧ್ವನಿ ಸರ್ವರಿನ ಜೊತೆಗೇ ಬರುತ್ತದೆ, ಅದು 4713ನೆಯ ಪೋರ್ಟಿನಲ್ಲಿ ಕಿವಿಗೊಟ್ಟು ಕುಳಿತಿರುತ್ತದೆ. ಫೈರ್‌ವಾಲ್ ಇದ್ದರೆ ಆ ಬಾಗಿಲನ್ನು ಮನೆಯವರಿಗೆ ಮಾತ್ರ ತೆರೆದಿಡಬೇಕು. ಧ್ವನಿಯನ್ನು ಕಳಿಸುವ ಮೇಲಿನ ಕಂಪ್ಯೂಟರಿನಲ್ಲಿ ಸುರಂಗ ಎಂಬರ್ಥದ 'ಟನಲ್' ಘಟಕವನ್ನು ಹಾಕಿ, ಕೆಳಗಿನದರ ಐಪಿ ವಿಳಾಸವನ್ನು ತಿಳಿಸಬೇಕು. ಆ ವಿಳಾಸ ದಿನಕ್ಕೊಂದು ಬಾರಿ ಬದಲಾಗದಂತೆ ರೌಟರಿನಲ್ಲಿ ಕಾಯ್ದಿರಿಸಿಬಿಟ್ಟರೆ ನಿಶ್ಚಿಂತೆ. ಅವಾಹಿ ಎಂಬ ಸೇವೆ ಎರಡೂ ಕಡೆ ಇದ್ದರೆ, ವಿಳಾಸ ಬರೆಯದೆಯೂ ಅವು ಒಂದನ್ನೊಂದು ತಾವಾಗಿ ಗುರುತಿಸುವಂತೆ ಮಾಡಬಹುದು. ಅನಂತರ ಧ್ವನಿಯ ನಿಯಂತ್ರಣ ಫಲಕವನ್ನು ತೆರೆದರೆ, ಮಹಡಿಯ ಸ್ಪೀಕರಿನ ಹೆಸರಿನ ಕೆಳಗೇ ಅಡಿಗೆಮನೆಯ ಸ್ಪೀಕರಿನ ಹೆಸರೂ ಕಾಣಿಸುತ್ತದೆ. ಹಾಡು ನಡೆಯುತ್ತಿರುವಾಗಲೇ ಒಂದರಿಂದ ಇನ್ನೊಂದಕ್ಕೆ ವರ್ಗಾಯಿಸಬಹುದು. ಬದಲಾವಣೆಗಳನ್ನು ಸಂರಚನೆಯ ಕಡತದಲ್ಲಿ ಬರೆದಿಡದಿದ್ದರೆ ಕಂಪ್ಯೂಟರನ್ನು ಆರಿಸಿ ಹಚ್ಚಿದಾಗ ಮಾಯವಾಗುತ್ತವೆ, ಇದನ್ನು ಮರೆಯಬಾರದು. ಧ್ವನಿ ಸರ್ವರ್ ಸಾಮಾನ್ಯವಾಗಿ ಬಳಕೆದಾರ ಲಾಗಿನ್ ಆದ ಮೇಲಷ್ಟೇ ಏಳುವುದರಿಂದ, ಪಡೆಯುವ ಕಂಪ್ಯೂಟರ್ ಹಚ್ಚಿದೊಡನೆ ತಾನಾಗಿ ಲಾಗಿನ್ ಆಗುವಂತೆ ಮಾಡಿಡುವುದು ಲೇಸು.

ಒಂದು ಎಚ್ಚರಿಕೆಯ ಮಾತನ್ನು ಇಲ್ಲಿ ಒತ್ತಿ ಹೇಳಬೇಕಾಗಿದೆ. 'ಯಾರು ಬಂದರೂ ಒಳಗೆ ಬಿಡು' ಎಂಬ ಸುಲಭದ ಆಯ್ಕೆಯೊಂದು ಇದರಲ್ಲಿದೆ, ಹಲವು ಮಾರ್ಗದರ್ಶಿಗಳು ಅದನ್ನೇ ಮೊದಲು ಹೇಳಿಕೊಡುತ್ತವೆ. ಅದನ್ನು ಹಾಕಬೇಡಿ. ಧ್ವನಿ ಸರ್ವರಿನೊಳಗೆ ಬಂದವನು ನಿಮ್ಮ ಸ್ಪೀಕರಿನಲ್ಲಿ ಹಾಡು ಹಾಕುವುದಷ್ಟೇ ಅಲ್ಲ, ಆ ಕಂಪ್ಯೂಟರಿಗೆ ಮೈಕು ಇದ್ದರೆ ಅದರ ಮೂಲಕ ನಿಮ್ಮ ಅಡಿಗೆಮನೆಯ ಮಾತನ್ನೂ ಕೇಳಬಲ್ಲ. ಸಾಗುವ ಧ್ವನಿಗೆ ಗೂಢಲಿಪಿಯ ರಕ್ಷಣೆಯೂ ಇಲ್ಲ. ಆದ್ದರಿಂದ ಮನೆಯ ವಿಳಾಸಗಳ ಶ್ರೇಣಿಗೆ ಮಾತ್ರ ಪ್ರವೇಶವೆಂದು ಬರೆಯಿರಿ. ಅದಕ್ಕಿಂತಲೂ ಉತ್ತಮವಾದ 'ಕುಕಿ' ಎಂಬ ಗುರುತಿನ ಕಡತವನ್ನು ಎರಡೂ ಕಂಪ್ಯೂಟರಿಗೆ ಹಂಚಿ. ಆ ಪೋರ್ಟನ್ನು ಎಂದಿಗೂ ಹೊರಗಿನ ಅಂತರ್ಜಾಲಕ್ಕೆ ತೆರೆಯಬೇಡಿ. ಕಂಪನಿಗಳ ಕಿವಿಯಿಂದ ತಪ್ಪಿಸಿಕೊಳ್ಳಲು ಹೊರಟವರು ದಾರಿಹೋಕರ ಕಿವಿಗೆ ಬಾಗಿಲು ತೆರೆದಿಡುವುದು ಜಾಣತನವಲ್ಲ.

ಎರಡಕ್ಕಿಂತ ಹೆಚ್ಚು ಕೋಣೆಗಳಿಗೆ ಒಮ್ಮೆಗೇ ಕಳಿಸಲು ಆರ್‌ಟಿಪಿ ಎಂಬ ಇನ್ನೊಂದು ಮಾರ್ಗವಿದೆ. ಅದು ಡಂಗುರ ಸಾರಿದ ಹಾಗೆ, ಒಬ್ಬನು ಸಾರುತ್ತಾನೆ, ಬೇಕಾದವರು ಕೇಳಿಕೊಳ್ಳುತ್ತಾರೆ. ತಂತಿಯ ಜಾಲದಲ್ಲಿ ಇದು ಚೆನ್ನ. ವೈಫೈಯಲ್ಲಿ ಮಾತ್ರ ಪಜೀತಿ. ಒಬ್ಬೊಬ್ಬರಿಗೆ ಕಳಿಸುವ ಪೊಟ್ಟಣವನ್ನು ವೈಫೈ 'ತಲುಪಿತೇ?' ಎಂದು ವಿಚಾರಿಸಿ, ತಲುಪದಿದ್ದರೆ ಮತ್ತೆ ಕಳಿಸುತ್ತದೆ. ಡಂಗುರದ ಪೊಟ್ಟಣಕ್ಕೆ ಈ ವಿಚಾರಣೆಯಿಲ್ಲ. ದೂರದವನಿಗೂ ಕೇಳಲೆಂದು ಅದನ್ನು ನಿಧಾನವಾದ ವೇಗದಲ್ಲಿ ಕಳಿಸುವುದರಿಂದ ಗಾಳಿಯ ದಾರಿಯೆಲ್ಲ ಅದರಿಂದಲೇ ತುಂಬಿಹೋಗುತ್ತದೆ. ಧ್ವನಿ ತುಂಡುತುಂಡಾಗಿ, ಮನೆಯವರ ಮೊಬೈಲುಗಳೂ ತೆವಳತೊಡಗುತ್ತವೆ. ಸಾಧ್ಯವಿದ್ದಲ್ಲಿ ತಂತಿ ಎಳೆಯಿರಿ ಎಂಬುದೇ ನನ್ನ ಸಲಹೆ. ಒಮ್ಮೆ ಗೋಡೆಯಂಚಿಗೆ ಕ್ಲಿಪ್ಪು ಹೊಡೆದು ಎಳೆದ ಲ್ಯಾನ್ ಕೇಬಲ್ ಹತ್ತು ವರ್ಷ ಮಾತಾಡದೆ ದುಡಿಯುತ್ತದೆ.

ಈಗ ನನ್ನ ಪಾಠದ ವಿಷಯಕ್ಕೇ ಬರುತ್ತೇನೆ. ಗಾಳಿಯಲ್ಲಿ ಧ್ವನಿಯ ವೇಗ ಸೆಕೆಂಡಿಗೆ ಸುಮಾರು 343 ಮೀಟರ್. ಪ್ರತಿಧ್ವನಿ ಬೇರೆಯಾಗಿ ಕೇಳಿಸಬೇಕಾದರೆ ಅದು ಮೂಲಧ್ವನಿಗಿಂತ ಸೆಕೆಂಡಿನ ಹತ್ತನೆಯ ಒಂದು ಭಾಗದಷ್ಟಾದರೂ ತಡವಾಗಿ ಬರಬೇಕು, ಎಂದರೆ ಗೋಡೆ ಹದಿನೇಳು ಮೀಟರಿನಾಚೆ ಇರಬೇಕು ಎಂದು ಎಷ್ಟು ತಂಡಗಳಿಗೆ ಕಲಿಸಿದೆನೋ! ಆಗಸ್ಟ್ ಹದಿನೈದರಂದು ಶಾಲೆಯ ಮೈದಾನದ ಎರಡು ತುದಿಗಳಿಗೆ ಹಾರ್ನ್ ಕಟ್ಟಿದಾಗ, ನೂರು ಮೀಟರ್ ದೂರದ ಹಾರ್ನಿನ ಭಾಷಣ ಸುಮಾರು 0.3 ಸೆಕೆಂಡು ತಡವಾಗಿ ಬಂದು ಹತ್ತಿರದ ಹಾರ್ನಿನ ಭಾಷಣವನ್ನು ಮುಕ್ಕುವುದನ್ನು ಎಲ್ಲರೂ ಕೇಳಿದ್ದೇವೆ. ಮನೆಯ ಜಾಲದಲ್ಲಿಯೂ ಇದೇ ತೊಡಕು ಬೇರೆ ರೂಪದಲ್ಲಿ ಬರುತ್ತದೆ. ಜಾಲದಲ್ಲಿ ಪೊಟ್ಟಣಗಳು ಒಂದೇ ಲಯದಲ್ಲಿ ಬರುವುದಿಲ್ಲ. ಆದ್ದರಿಂದ ಪಡೆಯುವ ಕಂಪ್ಯೂಟರ್ ಸ್ವಲ್ಪ ಧ್ವನಿಯನ್ನು ಮೊದಲೇ ಕೂಡಿಟ್ಟುಕೊಂಡು ಆಮೇಲೆ ನುಡಿಸುತ್ತದೆ. ಈ ತಡ ಕೆಲವು ನೂರು ಮಿಲಿಸೆಕೆಂಡು ಆಗಬಹುದು. ಬರಿಯ ಹಾಡು ಕೇಳುವವರಿಗೆ ಅದರಿಂದ ತೊಂದರೆಯಿಲ್ಲ. ಚಲನಚಿತ್ರದಲ್ಲಿ ತುಟಿಗೂ ಮಾತಿಗೂ ತಾಳ ತಪ್ಪಬಹುದು, ಆದರೆ ತಡವೆಷ್ಟೆಂದು ಧ್ವನಿ ಸರ್ವರ್ ತಿಳಿಸುವುದರಿಂದ ಒಳ್ಳೆಯ ಪ್ಲೇಯರುಗಳು ಚಿತ್ರವನ್ನೂ ಅಷ್ಟೇ ತಡಮಾಡಿ ತೋರಿಸುತ್ತವೆ. ಮೇಲೊಬ್ಬರು ಕೆಳಗೊಬ್ಬರು ಕುಳಿತು ಒಟ್ಟಿಗೆ ಹಾಡುವುದು ಮಾತ್ರ ಈ ಕ್ರಮದಲ್ಲಿ ಆಗದ ಕೆಲಸ.

ಇದಕ್ಕಿಂತಲೂ ಸ್ವಾರಸ್ಯವಾದ ತೊಡಕು ಗಡಿಯಾರದ್ದು. ಪ್ರತಿ ಕಂಪ್ಯೂಟರಿನ ಧ್ವನಿಯಂತ್ರದಲ್ಲೂ ಒಂದು ಸ್ಫಟಿಕದ ಗಡಿಯಾರವಿದ್ದು ಅದೇ ಲಯವನ್ನು ನಡೆಸುತ್ತದೆ. ಎರಡು ಸ್ಫಟಿಕಗಳು ಎಂದೂ ತದ್ವತ್ ಒಂದೇ ವೇಗದಲ್ಲಿ ಓಡುವುದಿಲ್ಲ. ಹತ್ತು ಲಕ್ಷದಲ್ಲಿ ಐವತ್ತು ಭಾಗದ ವ್ಯತ್ಯಾಸವಿದೆಯೆಂದಿಟ್ಟುಕೊಳ್ಳಿ. ಒಂದು ಗಂಟೆಗೆ 3,600 ಸೆಕೆಂಡು, ಅಂದಮೇಲೆ ವ್ಯತ್ಯಾಸ 0.18 ಸೆಕೆಂಡು. ಶುರುವಿನಲ್ಲಿ ಜೊತೆಯಾಗಿದ್ದ ಎರಡು ಕೋಣೆಗಳ ಹಾಡು ಒಂದು ಗಂಟೆಯಾಗುವಷ್ಟರಲ್ಲಿ ಪ್ರತಿಧ್ವನಿಯ ಗೆರೆಯನ್ನು ದಾಟಿಬಿಡುತ್ತದೆ! ಇದನ್ನು ಸರಿಪಡಿಸಲು ಧ್ವನಿ ಸರ್ವರ್ ಸಂಖ್ಯೆಗಳ ಸಾಲನ್ನು ಕೂದಲೆಳೆಯಷ್ಟು ಹಿಗ್ಗಿಸುತ್ತ ಕುಗ್ಗಿಸುತ್ತ ಇರಬೇಕಾಗುತ್ತದೆ. ಹಲವು ಕೋಣೆಗಳಲ್ಲಿ ಏಕಕಾಲಕ್ಕೆ ನುಡಿಸುವುದೇ ಮುಖ್ಯವಾದವರಿಗೆ ಸ್ನ್ಯಾಪ್‌ಕಾಸ್ಟ್ ಎಂಬ ಮುಕ್ತ ತಂತ್ರಾಂಶವಿದೆ. ಅದು ಪ್ರತಿ ಧ್ವನಿತುಣುಕಿಗೂ 'ಇಂಥ ಹೊತ್ತಿಗೆ ನುಡಿಸು' ಎಂದು ವೇಳೆಯ ಮುದ್ರೆ ಒತ್ತಿ ಕಳಿಸುತ್ತದೆ, ಎಲ್ಲ ಕೋಣೆಗಳ ಗಡಿಯಾರವನ್ನೂ ಹೊಂದಿಸುತ್ತಿರುತ್ತದೆ. ಹತ್ತನೆಯ ತರಗತಿಯ ಮಕ್ಕಳಿಗೆ ಧ್ವನಿ, ಆವೃತ್ತಿ, ಪ್ರತಿಧ್ವನಿಗಳನ್ನು ಕಿವಿಯಿಂದಲೇ ಕಲಿಸಲು ಇದಕ್ಕಿಂತ ಒಳ್ಳೆಯ ಪ್ರಯೋಗ ಬೇಕೆ?

ಇಷ್ಟೆಲ್ಲ ತಾಪತ್ರಯ ಏಕೆ, ಅಂಗಡಿಯಲ್ಲಿ ಸಿಗುವ ಪೆಟ್ಟಿಗೆ ತಂದರಾಗದೆ ಎಂದು ಕೇಳುವವರಿದ್ದಾರೆ. ಅವರಿಗಾಗಿ ಎರಡು ನಿದರ್ಶನಗಳು. ಗೂಗಲ್ ಕಂಪನಿ 2015ರಲ್ಲಿ ಕ್ರೋಮ್‌ಕಾಸ್ಟ್ ಆಡಿಯೋ ಎಂಬ ಸಣ್ಣ ಬಿಲ್ಲೆಯನ್ನು ತಂದಿತು. ಹಳೆಯ ಸ್ಪೀಕರಿಗೆ ಚುಚ್ಚಿದರೆ ಮನೆಯ ವೈಫೈ ಮೂಲಕ ಹಾಡು ಬರುತ್ತಿತ್ತು. 2019ರ ಜನವರಿಯಲ್ಲಿ ಅದರ ತಯಾರಿಕೆ ನಿಂತದ್ದು ಗೊತ್ತಾಯಿತು. 2025ರ ಮಾರ್ಚಿನಲ್ಲಿ ಒಂದು ದಿನ ಲೋಕದಾದ್ಯಂತ ಆ ಬಿಲ್ಲೆಗಳು ಕೆಲಸ ನಿಲ್ಲಿಸಿದವು. ಒಳಗಿದ್ದ ಒಂದು ವಿದ್ಯುನ್ಮಾನ ಪ್ರಮಾಣಪತ್ರದ ಹತ್ತು ವರ್ಷಗಳ ಅವಧಿ ಮುಗಿದದ್ದೇ ಕಾರಣ. ಯಂತ್ರ ಕೆಟ್ಟಿರಲಿಲ್ಲ, ಸ್ಪೀಕರ್ ಕೆಟ್ಟಿರಲಿಲ್ಲ, ಮನೆಯ ಜಾಲ ಕೆಟ್ಟಿರಲಿಲ್ಲ. ಕೆಲವು ದಿನಗಳ ನಂತರ ಕಂಪನಿಯೇ ಪರಿಹಾರ ಕಳಿಸಿತು, ನಿಜ. ಕಳಿಸುವವರೆಗೆ ಹಣ ಕೊಟ್ಟು ಕೊಂಡವರು ಕೈಕಟ್ಟಿ ಕುಳಿತಿರಬೇಕಾಯಿತು ಎಂಬುದೂ ಅಷ್ಟೇ ನಿಜ.

ಎರಡನೆಯ ನಿದರ್ಶನ ಸ್ಕ್ವೀಜ್‌ಬಾಕ್ಸ್. ಅದೂ ಮನೆಯ ಜಾಲದಲ್ಲಿ ಹಾಡು ನುಡಿಸುವ ಪೆಟ್ಟಿಗೆಯೇ. ಅದನ್ನು ಮಾಡುತ್ತಿದ್ದ ಸಣ್ಣ ಕಂಪನಿಯನ್ನು 2006ರಲ್ಲಿ ಲಾಜಿಟೆಕ್ ಕೊಂಡಿತು. 2012ರಲ್ಲಿ ಆ ಪೆಟ್ಟಿಗೆಗಳನ್ನು ನಿಲ್ಲಿಸಿತು. 2024ರಲ್ಲಿ ಅವುಗಳಿಗಾಗಿ ನಡೆಸುತ್ತಿದ್ದ ಅಂತರ್ಜಾಲ ಸೇವೆಯನ್ನೂ ಮುಚ್ಚಿತು. ಆದರೆ ಮನೆಯ ಕಂಪ್ಯೂಟರಿನಲ್ಲಿ ಓಡುವ ಅದರ ಸರ್ವರ್ ತಂತ್ರಾಂಶ ಮುಕ್ತವಾಗಿತ್ತು. ಬಳಕೆದಾರರೇ ಅದನ್ನು ಕೈಗೆತ್ತಿಕೊಂಡರು. ಲಿರಿಯನ್ ಮ್ಯೂಸಿಕ್ ಸರ್ವರ್ ಎಂಬ ಹೊಸ ಹೆಸರಿನಲ್ಲಿ ಅದು ಮುಂದುವರಿದಿದೆ, ಹಳೆಯ ಪೆಟ್ಟಿಗೆಗಳು ಇಂದಿಗೂ ಹಾಡುತ್ತಿವೆ. ಕಂಪನಿ ಕೈಬಿಟ್ಟ ಮೇಲೆ ಒಂದರಲ್ಲಿ ಮೌನ, ಇನ್ನೊಂದರಲ್ಲಿ ಹಾಡು. ಈ ವ್ಯತ್ಯಾಸಕ್ಕೆ ಕಾರಣ ಯಂತ್ರದ ಗುಣಮಟ್ಟವಲ್ಲ, ಬೀಗದ ಕೈ ಯಾರ ಹತ್ತಿರವಿತ್ತು ಎಂಬುದು.

ಹಾಗೆಂದು ಮುಕ್ತ ತಂತ್ರಾಂಶದ ಲೋಕವನ್ನು ಕಣ್ಣುಮುಚ್ಚಿ ಹೊಗಳುವವನು ನಾನಲ್ಲ. ಹೊರೆಗಳೂ ಇವೆ. ಹಳೆಯ ಡೆಸ್ಕ್‌ಟಾಪ್ ಅರುವತ್ತು ವ್ಯಾಟ್ ಕುಡಿಯುತ್ತದೆಯೆಂದರೆ ದಿನಕ್ಕೆ ನಾಲ್ಕು ಗಂಟೆಯಂತೆ ತಿಂಗಳಿಗೆ 7.2 ಯೂನಿಟ್ ವಿದ್ಯುತ್ತು. ದಿನವಿಡೀ ನುಡಿಸುವವರಿಗೆ ರಾಸ್‌ಬೆರಿ ಪೈಯಂಥ ಅಂಗೈಯಗಲದ ಕಂಪ್ಯೂಟರೇ ಮೇಲು. ಅದಕ್ಕೆ ಇದರ ಹತ್ತರಲ್ಲೊಂದು ಪಾಲು ವಿದ್ಯುತ್ತು ಸಾಕು. ಆದರೆ ನನ್ನ ಮುಖ್ಯ ಆಕ್ಷೇಪ ಬೇರೆ. ಇಷ್ಟು ವರ್ಷಗಳಿಂದ ಧ್ವನಿ ಸರ್ವರಿನ ಹೊಟ್ಟೆಯೊಳಗೆ ಈ ಶಕ್ತಿಯಿದೆ. ಆದರೂ ಸಾಮಾನ್ಯ ಸೆಟ್ಟಿಂಗ್ಸ್ ಕಿಟಕಿಯಲ್ಲಿ 'ಈ ಧ್ವನಿಯನ್ನು ಇನ್ನೊಂದು ಕಂಪ್ಯೂಟರಿಗೆ ಕಳಿಸು' ಎಂಬ ಒಂದು ಗುಂಡಿಯನ್ನು ಇಡಲು ಹೆಚ್ಚಿನ ಲಿನಕ್ಸ್ ವಿತರಣೆಗಳವರು ಮನಸ್ಸು ಮಾಡಿಲ್ಲ. ಆಜ್ಞೆಗಳನ್ನು ಅಕ್ಷರ ತಪ್ಪದಂತೆ ಟೈಪು ಮಾಡಬೇಕು, ಮಾರ್ಗದರ್ಶನವೆಲ್ಲ ಇಂಗ್ಲಿಷಿನಲ್ಲಿ, ಅದೂ ಬಲ್ಲವರು ಬಲ್ಲವರಿಗಾಗಿ ಬರೆದ ಇಂಗ್ಲಿಷಿನಲ್ಲಿ. ಸ್ವಾತಂತ್ರ್ಯವನ್ನು ಕೊಟ್ಟಿದ್ದೇವೆ ಎಂದು ಹೇಳಿ ಅದನ್ನು ಅಟ್ಟದ ಮೇಲಿಟ್ಟು ಏಣಿ ತೆಗೆದುಬಿಟ್ಟರೆ ಅದು ಎಷ್ಟು ಜನರ ಪಾಲಿಗೆ ಸ್ವಾತಂತ್ರ್ಯ? ಕಂಪನಿಗಳ ಪೆಟ್ಟಿಗೆ ಗೆದ್ದಿರುವುದು ಅವುಗಳ ದುರುದ್ದೇಶದಿಂದ ಮಾತ್ರವಲ್ಲ, ಅವು ಅಜ್ಜಿಯರಿಗೂ ಒತ್ತಲು ಬರುವ ಗುಂಡಿಯನ್ನು ಇಟ್ಟದ್ದರಿಂದ. ಈ ಮಾತನ್ನು ಮುಕ್ತ ತಂತ್ರಾಂಶದ ಗೆಳೆಯರು ಮನಸ್ಸಿಗೆ ತಂದುಕೊಳ್ಳಬೇಕು.

ಕನ್ನಡಿಗರ ಪಾಲಿನ ಕೆಲಸವೂ ಇದೆ. 1935ರಲ್ಲಿ ಮೈಸೂರಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಡಾ. ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿಯೇ ಸಣ್ಣದೊಂದು ಪ್ರಸಾರಯಂತ್ರವನ್ನಿಟ್ಟು ಬಾನುಲಿ ಕೇಂದ್ರವನ್ನು ಆರಂಭಿಸಿದರು. ಮುಂದೆ ಇಡೀ ದೇಶದ ಬಾನುಲಿಗೆ ಬಂದ 'ಆಕಾಶವಾಣಿ' ಎಂಬ ಹೆಸರು ಆ ಮನೆಯ ಕೇಂದ್ರದ್ದು. ತಜ್ಞರು ಬಂದು ಮಾಡಿಕೊಡಲಿ ಎಂದು ಕಾಯದೆ ಒಬ್ಬ ಮೇಷ್ಟರು ಮನೆಯಿಂದ ಧ್ವನಿಯನ್ನು ಹೊರಡಿಸಿದ ನಾಡು ಇದು. ಅಂಥ ನಾಡಿನಲ್ಲಿ, ಮನೆಯ ಒಂದು ಕೋಣೆಯಿಂದ ಇನ್ನೊಂದಕ್ಕೆ ಧ್ವನಿ ಕಳಿಸುವ ಬಗೆಯನ್ನು ತಿಳಿಯಾದ ಕನ್ನಡದಲ್ಲಿ, ಚಿತ್ರ ಸಮೇತ ಹತ್ತು ಪುಟ ಬರೆಯುವ ತರುಣರು ಸಿಗಲಾರರೇ?

ಯಂತ್ರಗಳ ಕೊರತೆಯಂತೂ ಇಲ್ಲ. 2025ರ ಅಕ್ಟೋಬರ್ 14ರಂದು ಮೈಕ್ರೋಸಾಫ್ಟ್ ವಿಂಡೋಸ್ 10ರ ಸಾಮಾನ್ಯ ಬೆಂಬಲವನ್ನು ನಿಲ್ಲಿಸಿತು. ಅದರ ಮುಂದಿನ ಆವೃತ್ತಿಯನ್ನು ಹಾಕಿಕೊಳ್ಳುವ ಅರ್ಹತೆ ಹಲವು ಹಳೆಯ ಕಂಪ್ಯೂಟರುಗಳಿಗಿಲ್ಲ. ಅವೆಲ್ಲ ಗುಜರಿಯ ದಾರಿ ಹಿಡಿಯುವ ಮೊದಲು ಒಂದಿಷ್ಟನ್ನಾದರೂ ಲಿನಕ್ಸ್ ಹಾಕಿ ಉಳಿಸಿಕೊಳ್ಳಬಹುದು. ಶಾಲೆಗಳಲ್ಲಿ ಒಂದರಲ್ಲಿ ಪಾಠದ ಧ್ವನಿಯನ್ನು ಹಾಕಿ ಮೂರು ಕೊಠಡಿಗಳಲ್ಲಿ ಕೇಳಿಸಬಹುದು. ನೆರೆಯ ಕೇರಳದ ಸರಕಾರಿ ಶಾಲೆಗಳಲ್ಲಿ ವರ್ಷಗಳಿಂದ ಮುಕ್ತ ತಂತ್ರಾಂಶದಲ್ಲಿಯೇ ಕಂಪ್ಯೂಟರ್ ಕಲಿಸುತ್ತಿದ್ದಾರೆ. ನಮ್ಮಲ್ಲಿಯೂ ಆಗಬಾರದೆಂದೇನಿಲ್ಲ. ಒಂದು ತಂತಿ, ಎರಡು ಹಳೆಯ ಕಂಪ್ಯೂಟರು, ಕಲಿಯುವ ಮನಸ್ಸುಳ್ಳ ಒಬ್ಬ ಶಿಕ್ಷಕ ಸಾಕು. ತನ್ನ ಬೆರಳು ಒತ್ತಿದ್ದು ಪಕ್ಕದ ಕೋಣೆಯಲ್ಲಿ ಸದ್ದಾಗಿ ಕೇಳಿಸಿದಾಗ ಜಾಲ ಎಂಬುದರ ಅರ್ಥ ಮಗುವಿಗೆ ಹೊಳೆದಷ್ಟು ಚೆನ್ನಾಗಿ ಪುಸ್ತಕದ ವ್ಯಾಖ್ಯೆಯಿಂದ ಹೊಳೆಯುವುದಿಲ್ಲ.

ಕಳೆದ ಆಷಾಢದಲ್ಲಿ ಗಾಳಿಮಳೆಗೆ ಮರ ಬಿದ್ದು ನಮ್ಮ ಕಡೆಯ ಅಂತರ್ಜಾಲದ ತಂತಿ ಐದು ದಿನ ಕಡಿದುಹೋಗಿತ್ತು. ಊರಿನ ಬುದ್ಧಿವಂತ ಪೆಟ್ಟಿಗೆಗಳೆಲ್ಲ ಮೂಕವಾಗಿದ್ದವು. ನಮ್ಮ ರೌಟರಿಗೂ ಎರಡು ಕಂಪ್ಯೂಟರುಗಳಿಗೂ ಹೊರಲೋಕದ ಹಂಗಿರಲಿಲ್ಲ. ಕರೆಂಟು ಇದ್ದಾಗ, ಇಲ್ಲದಿದ್ದರೆ ಯುಪಿಎಸ್ ಉಸಿರಿರುವಷ್ಟು ಹೊತ್ತು, ಮೇಲೆ ಹಾಕಿದ ಹಾಡು ಕೆಳಗೆ ಕೇಳುತ್ತಿತ್ತು. ಶ್ರೀಮತಿಯ ಪುಸ್ತಕದಲ್ಲಿ ಈಗ ನಲವತ್ತೇಳು ಹಾಡುಗಳಾಗಿವೆ.

ಎಲ್ಲವನ್ನೂ ಮನೆಯಲ್ಲೇ ಮಾಡಿಕೊಳ್ಳಬೇಕು, ಹೊರಗಿನದೇನೂ ಬೇಡ ಎಂದು ನಾನು ಹೇಳುತ್ತಿಲ್ಲ. ಮಗ ಅಲ್ಲಿಂದ ಮಾತಾಡಬೇಕಾದರೆ, ಹೊಸ ಸಂಗೀತ ಕೇಳಬೇಕಾದರೆ ಅಂತರ್ಜಾಲ ಬೇಕೇ ಬೇಕು. ಹೊರಗಿನಿಂದ ಬರಬೇಕಾದದ್ದು ಹೊರಗಿನಿಂದ ಬರಲಿ. ಒಳಗೇ ಹುಟ್ಟಿ ಒಳಗೇ ಕೇಳಿಸಬೇಕಾದದ್ದಕ್ಕೆ ಹೊರಗಿನವರ ಅನುಮತಿ ಬೇಕಾಗುವ ಸ್ಥಿತಿಯನ್ನು ಮಾತ್ರ ನಾವು ಸಹಜವೆಂದು ಒಪ್ಪಿಕೊಳ್ಳಬಾರದು. ನಿಮ್ಮ ಮನೆಯ ಅಟ್ಟದಲ್ಲಿಯೂ ಒಂದು ಹಳೆಯ ಸಿಪಿಯು ಇರಬಹುದು, ಪೆಟ್ಟಿಗೆಯಲ್ಲಿ ಕೆಲವು ಕ್ಯಾಸೆಟ್ಟುಗಳಿರಬಹುದು. ಮುಂದಿನ ಮಳೆಗಾಲಕ್ಕೆ ಮೊದಲು ಎರಡನ್ನೂ ಕೆಳಗಿಳಿಸಿ ಧೂಳು ಕೊಡವಿ. ಕೆಲಸ ಎಲ್ಲಿ ತೊಡಕಿತೆಂದು ಬರೆದು ತಿಳಿಸಿದರೆ, ನನಗೆ ತಿಳಿದಷ್ಟನ್ನು ಕನ್ನಡದಲ್ಲಿಯೇ ವಿವರಿಸಲು ನಾನು ಸಿದ್ಧ.